ಶನಿವಾರದ ಸ್ನಾನಕ್ಕೆ ಒಬ್ಬರು ಬೇಕು

ಫೆಬ್ರವರಿ 11, ಭಾನುವಾರ

ನೋವು ಎಷ್ಟಿದೆ ಎಂದು ಬರೆದಿಡಲು ಈ ಪುಸ್ತಕ ಕೊಟ್ಟಿದ್ದಾರೆ. ದಿನಕ್ಕೆ ಮೂರು ಸಲ, ಒಂದರಿಂದ ಹತ್ತರೊಳಗೆ ಒಂದು ಅಂಕಿ. ಬೆಳಿಗ್ಗೆ ಏಳು, ಮಧ್ಯಾಹ್ನ ಆರು, ಈಗ ಮತ್ತೆ ಏಳು. ಮೂರು ಅಂಕಿಗೆ ಅರ್ಧ ಸಾಲು ಸಾಕು, ಉಳಿದ ಹಾಳೆಯೆಲ್ಲ ದಂಡ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳಿಗೆ ತಳದಲ್ಲಿ ಉಳಿದದ್ದನ್ನು ಚೆಲ್ಲಿ ಅಭ್ಯಾಸವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಜಾಗದ ಹೆಸರು ಪೈನ್ ವ್ಯೂ. ಪೈನ್ ಮರ ಒಂದೂ ಇಲ್ಲ. ಕಿಟಕಿಯಿಂದ ಕಾಣುವುದು ಕಾರು ನಿಲ್ಲಿಸುವ ಬಯಲು, ಅದರ ಮೂಲೆಯಲ್ಲಿ ಕೊಳೆತ ಬಣ್ಣದ ಹಿಮದ ಗುಡ್ಡೆ. ಡುಲುತ್‌ನ ಆಸ್ಪತ್ರೆಯಲ್ಲಿ ನನ್ನ ಬಲಗಡೆ ಸೊಂಟದ ಕೀಲಿಗೆ ಲೋಹದ ಗುಂಡು ಕೂರಿಸಿ, ಐದನೆಯ ದಿನ ವ್ಯಾನಿನಲ್ಲಿ ಇಲ್ಲಿಗೆ ಸಾಗಿಸಿದರು. ನಡೆಯುವುದನ್ನು ಕಲಿಸಿ ಮನೆಗೆ ಕಳಿಸುತ್ತಾರಂತೆ. ಎಪ್ಪತ್ತಾರು ವರ್ಷ ಇವರನ್ನು ಕೇಳದೆ ನಡೆದಿದ್ದೆ.

ಪರದೆಯ ಆಚೆ ಇನ್ನೊಬ್ಬ ಹೆಂಗಸಿದ್ದಾಳೆ. ಮಿಲ್ಕಾ ತೊಮಾಜಿನ್, ಎಂಬತ್ತನಾಲ್ಕು ವರ್ಷ. ತೊಡೆಯ ಮೂಳೆ ಮುರಿದಿದೆ, ನಾಲಿಗೆಗೆ ಏನೂ ಆಗಿಲ್ಲ. ನಾನು ಬಂದ ಅರ್ಧ ಗಂಟೆಯೊಳಗೆ ತನ್ನ ಮೂವರು ಗಂಡಂದಿರಲ್ಲಿ ಇಬ್ಬರು ಹೇಗೆ ಸತ್ತರು, ಮೂರನೆಯವನು ಸಾಯದೆ ಹೇಗೆ ಓಡಿಹೋದ ಎಂಬುದನ್ನೆಲ್ಲ ಹೇಳಿ ಮುಗಿಸಿದಳು. ನಾವು ಈ ದೇಶಕ್ಕೆ ವಲಸೆ ಬಂದ ಫಿನ್ನಿಶ್ ಮಂದಿ. ನಮ್ಮಲ್ಲಿ ಗಂಡ ಹೆಂಡತಿ ನಲವತ್ತು ವರ್ಷ ಸಂಸಾರ ಮಾಡಿ ಆಡುವಷ್ಟು ಮಾತನ್ನು ಈಕೆ ಊಟದ ತಟ್ಟೆ ಬರುವ ಮೊದಲೇ ಆಡಿದ್ದಳು.

ನೋವು ಏಳು. ಮಿಲ್ಕಾ ಒಂಬತ್ತು.

ಫೆಬ್ರವರಿ 12, ಸೋಮವಾರ

ನನಗೆ ನಡಿಗೆ ಕಲಿಸುವವಳ ಹೆಸರು ಮಾರಿವಿಕ್. ಫಿಲಿಪೀನ್ಸ್‌ನವಳು, ಐದಡಿಯೂ ಇಲ್ಲ. ನನ್ನ ಸೊಂಟಕ್ಕೆ ಅಗಲದ ಪಟ್ಟಿ ಕಟ್ಟಿ, ಹಿಟ್ಟಿನ ಚೀಲ ಎತ್ತುವ ಹಾಗೆ ಎತ್ತಿ ನಿಲ್ಲಿಸಿದಳು. ನಾಲ್ಕು ಹೆಜ್ಜೆ ಎಣಿಸುತ್ತ ಇಟ್ಟೆ. ಆರನೆಯ ಹೆಜ್ಜೆಗೆ ನನ್ನ ಬಾಯಿಂದ ಬಂದ ಮಾತು ಅವಳಿಗೆ ಅರ್ಥವಾಗಲಿಲ್ಲ, ಪುಣ್ಯಕ್ಕೆ ಅದು ಫಿನ್ನಿಶ್‌ನಲ್ಲಿತ್ತು. ಐದನೆಯದು ಯಾವಾಗ ಇಟ್ಟೆನೋ ಗೊತ್ತಿಲ್ಲ.

ಆಮೇಲೆ ಅರ್ಜಿ ತುಂಬಿಸಿಕೊಂಡಳು. ಮನೆಯ ಮುಂದೆ ಮೆಟ್ಟಿಲೆಷ್ಟು? ಎರಡು. ನಿಜ. ಜೊತೆಗೆ ಯಾರಿದ್ದಾರೆ? ಯಾರೂ ಇಲ್ಲ, ಗಂಡ ಟೊಯಿವೊ ಸತ್ತು ಒಂಬತ್ತು ವರ್ಷವಾಯಿತು. ಇದೂ ನಿಜ. ಸ್ನಾನ ಮಾಡುವುದು ಟಬ್ಬಿನಲ್ಲೋ ಷವರಿನಲ್ಲೋ? ಷವರ್ ಎಂದೆ.

ಶುದ್ಧ ಸುಳ್ಳು. ನನ್ನ ಮನೆಯಲ್ಲಿ ಟಬ್ಬೂ ಇಲ್ಲ, ಷವರೂ ಇಲ್ಲ. ಹಿತ್ತಲಿನಲ್ಲಿ ಸೌನಾ ಇದೆ, ಟೊಯಿವೊ ತಾನೇ ಮರ ಕಡಿದು ಕಟ್ಟಿದ್ದು. ಸೌದೆ ಒಲೆ, ಒಲೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ಸುರಿಯಲು ನೀರು, ಕೂತು ಬೆವರಲು ಒಂದರ ಮೇಲೊಂದು ಎರಡು ಹಲಗೆ. ಬುಧವಾರ, ಶನಿವಾರ ನನ್ನ ಸ್ನಾನ ಅಲ್ಲೇ. ನಾನು ಬಿದ್ದದ್ದೂ ಅಲ್ಲಿಂದ ಬರುವಾಗಲೇ. ಮೈಯಿಂದ ಹಬೆ ಏಳುತ್ತಿತ್ತು, ಕಾಲಡಿ ಮಂಜುಗಡ್ಡೆ. ಆಸ್ಪತ್ರೆಯಲ್ಲಿ ಮಾತ್ರ ಟಪಾಲು ಬಂದಿದೆಯೇ ನೋಡಲು ಹೋಗಿದ್ದೆ ಎಂದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಮೈಮೇಲೆ ಒಂದು ಟವೆಲ್ ಸುತ್ತಿಕೊಂಡು. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಮುದುಕಿಯರು ಏನು ಬೇಕಾದರೂ ಮಾಡುತ್ತಾರೆ ಎಂದು ಲೋಕ ಒಪ್ಪಿಕೊಂಡುಬಿಟ್ಟಿದೆ.

ಸುಳ್ಳು ಯಾಕೆಂದರೆ, ಹೋದ ವರ್ಷ ಇಲ್ಲಿಗೇ ಬಂದಿದ್ದ ನಮ್ಮೂರಿನ ಕೆರ್ತು ನಿಯೆಮಿ ತನ್ನ ಸೌನಾದ ವಿಷಯ ನಿಜ ಹೇಳಿದ್ದಳು. ಇಲ್ಲಿನ ಹಜಾರದ ನಡುವೆ ಒಂದು ಮೀನಿನ ತೊಟ್ಟಿ ಇದೆ. ಅದರ ಈಚೆ ನಡಿಗೆ ಕಲಿತು ಮನೆಗೆ ಹೋಗುವವರು, ಆಚೆ ಇಲ್ಲೇ ಉಳಿಯುವವರು. ಕೆರ್ತು ಈಗ ಆಚೆ ಇದ್ದಾಳೆ.

ಫೆಬ್ರವರಿ 14, ಬುಧವಾರ

ಪ್ರೇಮಿಗಳ ದಿನವೆಂದು ಮಾಂಸದ ಮುದ್ದೆಯನ್ನು ಹೃದಯದ ಆಕಾರದಲ್ಲಿ ಬೇಯಿಸಿ ತಂದರು. ಉಪ್ಪಿಲ್ಲ. ಹೃದಯದ ಕಾಯಿಲೆಯವರ ಸಲುವಾಗಿಯಂತೆ. ಮಿಲ್ಕಾ ತನ್ನದನ್ನು ಫೋರ್ಕಿನಿಂದ ಚುಚ್ಚಿ, ತನ್ನ ಮೂರನೆಯ ಗಂಡನದೂ ಹೀಗೇ ಇತ್ತು, ನೋಡಲು ಚೆಂದ, ರುಚಿ ಏನೂ ಇರಲಿಲ್ಲ ಎಂದಳು. ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತದೆ. ನೋವು ಎಂಟು, ಅದು ಅವಳ ಲೆಕ್ಕಕ್ಕೆ.

ಮಧ್ಯಾಹ್ನ ನನ್ನ ತಂಗಿ ಹೆಲ್ಮಿ ಬಂದಿದ್ದಳು. ಆಸ್ಪತ್ರೆಯವರ ಹಳೆಯ ಕಾಗದದಲ್ಲಿ ತುರ್ತಿಗೆ ಅವಳ ಹೆಸರಿತ್ತಂತೆ, ಮನೆಯ ಬೀಗದ ಕೈಯನ್ನೂ ಅವಳಿಗೇ ಕೊಟ್ಟಿದ್ದಾರೆ. ಕೋಟು ಬಿಚ್ಚದೆ ಹತ್ತು ನಿಮಿಷ ಕೂತಳು. ರಸ್ತೆ ಜಾರುತ್ತಿದೆ ಎಂದಳು. ಹೌದಂತೆ ಎಂದೆ. ಉಣ್ಣೆಯ ಕಾಲುಚೀಲ ಮಂಚದ ಮೇಲಿಟ್ಟು ಹೋದಳು.

ಅವಳು ಹೋದ ಮೇಲೆ, ಅಕ್ಕತಂಗಿಯರ ನಡುವೆ ಆಸ್ತಿ ಜಗಳವೋ ಗಂಡಸಿನ ಜಗಳವೋ ಎಂದು ಮಿಲ್ಕಾ ಕೇಳಿದಳು. ಒಲೆಯ ಜಗಳ ಎಂದೆ. ಹೆಲ್ಮಿ ಒಂಬತ್ತು ವರ್ಷದ ಹಿಂದೆ ತನ್ನ ಸೌನಾದ ಸೌದೆ ಒಲೆ ಕಿತ್ತು ಕರೆಂಟಿನ ಒಲೆ ಹಾಕಿಸಿದಳು. ಟೊಯಿವೊನನ್ನು ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುವಾಗ, ಅದು ಬ್ರೆಡ್ಡು ಸುಡುವ ಡಬ್ಬಿ, ಅದರೊಳಗೆ ಕೂರುವವಳು ನಮ್ಮ ಅಮ್ಮನ ಮಗಳೇ ಅಲ್ಲ ಎಂದು ಅರವತ್ತು ಜನರ ಮುಂದೆ ಹೇಳಿದೆ. ಹೆಲ್ಮಿ ಕಪ್ಪು ಕೆಳಗಿಟ್ಟು ಎದ್ದು ಹೋದಳು. ಆಮೇಲೆ ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು, ಅದರಲ್ಲಿ ಬರೀ ಹೆಸರು.

ಇಂಥದ್ದಕ್ಕೂ ಯಾರಾದರೂ ಮಾತು ಬಿಡುತ್ತಾರೆಯೇ ಎಂದಳು ಮಿಲ್ಕಾ. ಅವಳ ಸ್ಲೊವೇನಿಯಾ ಕಡೆಯವರಿಗೆ ಇದು ತಿಳಿಯುವುದಿಲ್ಲ.

ಫೆಬ್ರವರಿ 19, ಸೋಮವಾರ

ನೋವು ಐದು. ವಾಕರ್ ಹಿಡಿದು ಊಟದ ಮನೆಯವರೆಗೆ ಹೋದೆ. ಕೂರುವಾಗ ಸೊಂಟ ತೀರಾ ಬಾಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕೆಳಗೆ ಬಿದ್ದದ್ದನ್ನು ಬಗ್ಗಿ ಎತ್ತಬಾರದು. ನೆಲಕ್ಕೆ ಬಿದ್ದ ಬಿಸ್ಕತ್ತು ದೇವರ ಪಾಲು.

ನನ್ನ ಕುರ್ಚಿಯ ಮೇಲೊಂದು ತೆಳ್ಳಗಿನ ಮೆತ್ತೆ ಹಾಸಿದ್ದಾರೆ. ಹೇಳದೆ ಕೇಳದೆ ಎದ್ದರೆ ಅದು ಬೊಬ್ಬೆ ಹೊಡೆಯುತ್ತದೆ. ಕೋಳಿ ಕದ್ದವಳ ಹಾಗೆ ದಾದಿಯರು ನನ್ನನ್ನು ಮೂರು ಸಲ ಹಿಡಿದರು.

ಮಾರಿವಿಕ್ ಈಗ ಷವರಿನ ಪಾಠ ಮಾಡುತ್ತಿದ್ದಾಳೆ. ಪ್ಲಾಸ್ಟಿಕ್ಕಿನ ನಾಲ್ಕಂಗುಲದ ಕಟ್ಟೆ ದಾಟಬೇಕು, ತೂತು ಬಿದ್ದ ಕುರ್ಚಿಯ ಮೇಲೆ ಕೂರಬೇಕು, ಬಟ್ಟೆ ಹಾಕಿಕೊಂಡೇ ಸೋಪು ಹಚ್ಚುವ ನಟನೆ ಮಾಡಬೇಕು. ತುಂಬ ಚೆನ್ನಾಗಿ ಮಾಡುತ್ತೀರಿ ಎಂದು ಬೆನ್ನು ತಟ್ಟಿದಳು. ಇಲ್ಲದ ಬಚ್ಚಲಿನ ಪರೀಕ್ಷೆಯಲ್ಲಿ ಪಾಸಾದೆ. ನನ್ನ ಕೆಳಗಿನ ಹಲಗೆ ನೆಲದಿಂದ ಹದಿನೆಂಟು ಅಂಗುಲ. ಅದನ್ನು ಏರುವುದು ಯಾರು ಕಲಿಸುತ್ತಾರೆ?

ಫೆಬ್ರವರಿ 22, ಗುರುವಾರ

ಮೀನಿನ ತೊಟ್ಟಿಯ ಒಂದು ಮೀನು ಸತ್ತಿದೆ. ಮಧ್ಯಾಹ್ನದೊಳಗೆ ಹೊಸದು ತಂದು ಬಿಟ್ಟರು. ಮನಸ್ಸಿಗೆ ಒಗ್ಗಲಿಲ್ಲ.

ಫೆಬ್ರವರಿ 26, ಸೋಮವಾರ

ಯಾರೂ ಕಲಿಸದಿದ್ದರೆ ನಾನೇ ಕಲಿಯುತ್ತೇನೆ ಎಂದುಕೊಂಡದ್ದು ತಪ್ಪಾಯಿತು.

ಊಟವಾದ ಮೇಲೆ ವ್ಯಾಯಾಮದ ಕೋಣೆ ಒಂದು ಗಂಟೆ ಖಾಲಿ ಇರುತ್ತದೆ. ಅಲ್ಲೊಂದು ಅಗಲದ ಮಂಚವಿದೆ, ಗುಂಡಿ ಒತ್ತಿದರೆ ಮೇಲೆ ಕೆಳಗೆ ಹೋಗುತ್ತದೆ. ಅದನ್ನು ಹದಿನೆಂಟು ಅಂಗುಲಕ್ಕೆ ಇಳಿಸಿ ಹತ್ತಿ ನೋಡುವುದು ನನ್ನ ಯೋಜನೆ. ಬೊಬ್ಬೆಯ ಮೆತ್ತೆಯ ಮೇಲೆ ಭಾರ ಬೇಕಲ್ಲ, ಮಿಲ್ಕಾಳ ಕೈಚೀಲ ಇಟ್ಟೆ. ಅದರಲ್ಲಿ ಏನು ತುಂಬಿದ್ದಾಳೋ, ಒಬ್ಬ ಹೆಂಗಸಿನ ತೂಕ ಇತ್ತು. ಮೆತ್ತೆ ಸದ್ದು ಮಾಡಲಿಲ್ಲ. ಮಿಲ್ಕಾ ಗಾಲಿಕುರ್ಚಿ ಉರುಳಿಸಿಕೊಂಡು ನನ್ನ ಹಿಂದೆ ಬಂದು ಬಾಗಿಲಲ್ಲಿ ಕಾವಲು ಕೂತಳು.

ಒಳ್ಳೆಯ ಕಾಲು ಮೇಲೆ ಹೋಯಿತು. ಹೊಸ ಸೊಂಟದ ಕಾಲು ಬರಲಿಲ್ಲ. ಹಿಂದಕ್ಕೆ ಇಳಿಯೋಣವೆಂದರೆ ಅದೂ ಆಗಲಿಲ್ಲ. ಒಂದು ಕಾಲು ಮಂಚದ ಮೇಲೆ, ಒಂದು ಕಾಲು ನೆಲದ ಮೇಲೆ, ಗೌನಿನ ಹಿಂಭಾಗ ಪೂರ್ತಿ ತೆರೆದುಕೊಂಡು ಹಜಾರಕ್ಕೆ ದರ್ಶನ ಕೊಡುತ್ತ ನಿಂತಿದ್ದೆ. ಮಿಲ್ಕಾ ನಗುತ್ತ ನಗುತ್ತಲೇ ತುರ್ತಿನ ಹಗ್ಗ ಎಳೆದಳು. ಐದು ಜನ ಓಡಿಬಂದರು. ಐದು ಜನ ಯಾಕೆ ಬೇಕಿತ್ತೋ.

ನನಗೆ ನಗು ಬರಲಿಲ್ಲ. ಈ ಕಾಲು ಇನ್ನು ನನ್ನ ಮಾತು ಕೇಳುವುದಿಲ್ಲವೇನೋ ಎಂದು ಭಯವಾಯಿತು. ಟೊಯಿವೊ ಹೋದಾಗಲೂ ಇಷ್ಟು ಭಯವಾಗಿರಲಿಲ್ಲ.

ಅಷ್ಟೆತ್ತರ ಯಾಕೆ ಹತ್ತಬೇಕಾಗಿತ್ತು ಎಂದು ಮಾರಿವಿಕ್ ಕೇಳಿದಳು. ದೀಪದ ಬುರುಡೆ ಬದಲಿಸಲು ಎಂದೆ. ಅವಳು ಕಡತ ತೆರೆದಳು. ಕಳಿಸುವ ಮೊದಲು ನಿಮ್ಮ ಮನೆಯನ್ನು ಒಮ್ಮೆ ನೋಡಬೇಕು ಎಂದು ಬರೆದುಕೊಂಡಳು.

ಮಾರ್ಚ್ 5, ಮಂಗಳವಾರ

ಕೆಟ್ಟಿತು.

ಬೆಳಿಗ್ಗೆ ವ್ಯಾನಿನಲ್ಲಿ ಮನೆಗೆ ಕರೆದೊಯ್ದರು. ಬೀಗ ತೆಗೆಯಲು ಹೆಲ್ಮಿ ಮೊದಲೇ ಬಂದಿದ್ದಳು, ಮೆಟ್ಟಿಲಿನ ಹಿಮ ಗುಡಿಸಿ ಕಾಲು ಜಾರದಂತೆ ಬೂದಿ ಚೆಲ್ಲಿದ್ದಳು. ಎರಡು ಮೆಟ್ಟಿಲು ಏರಿದೆ. ಅಡುಗೆಮನೆ ಸರಿಯಿದೆ ಎಂದಳು ಮಾರಿವಿಕ್. ಮಂಚ ಸರಿಯಿದೆ. ಆಮೇಲೆ ಷವರ್ ಎಲ್ಲಿ ಎಂದಳು.

ರಿಪೇರಿಗೆ ಹೋಗಿದೆ ಎಂದೆ. ಷವರನ್ನು ಕಿತ್ತು ರಿಪೇರಿಗೆ ಕಳಿಸುತ್ತಾರೆಯೇ ಎಂದು ಆ ಹುಡುಗಿ ಯೋಚಿಸುತ್ತಿರುವಾಗ ಹೆಲ್ಮಿ ಬಾಯಿ ತೆರೆದಳು.

“ಸಾಕು ಐಲಿ. ನೋಡಿ, ಇವಳ ಮನೇಲಿ ಷವರೂ ಇಲ್ಲ, ಟಬ್ಬೂ ಇಲ್ಲ. ಯಾವತ್ತೂ ಇರ್ಲಿಲ್ಲ. ಸ್ನಾನ ಹಿತ್ತಲಲ್ಲಿ. ಬಿದ್ದಿದ್ದೂ ಅಲ್ಲೇ. ಬನ್ನಿ, ತೋರಿಸ್ತೀನಿ.”

ಮಾರಿವಿಕ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಂಬಾಗಿಲಿನಿಂದ ನಲವತ್ತು ಹೆಜ್ಜೆ ಎಣಿಸಿದಳು, ಅಳತೆಪಟ್ಟಿ ಹಿಡಿದು ಕೆಳಗಿನ ಹಲಗೆ, ಮೇಲಿನ ಹಲಗೆ, ಬಾಗಿಲು ಎಲ್ಲ ಅಳೆದಳು. ಕೋಟಿನಲ್ಲೇ ತಣ್ಣಗಿನ ಹಲಗೆಯ ಮೇಲೆ ಕೂತು ನೋಡಿದಳು. ಗೋಡೆಗೆ ಹಿಡಿಕೆ ಹೊಡೆಸಬೇಕು, ಮೂರು ತಿಂಗಳು ಮೇಲಿನ ಹಲಗೆ ಹತ್ತಬಾರದು, ಬಿಸಿ ಕಡಿಮೆ ಇರಬೇಕು, ಗಾಯ ಒಣಗಿದೆಯೆಂದು ವೈದ್ಯರು ಹೇಳಬೇಕು, ಹೋಗುವಾಗ ಬರುವಾಗ ಒಳಗೆ ಕೂತಾಗ ಒಬ್ಬರು ಪಕ್ಕದಲ್ಲಿರಲೇಬೇಕು. ಮನೆಗೆ ಬಂದು ಒದ್ದೆಬಟ್ಟೆಯಿಂದ ಮೈ ಒರೆಸುವ ದಾದಿ ಬೇಕೆಂದರೆ ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳವರೆಗೆ ಯಾರೂ ಖಾಲಿ ಇಲ್ಲ. ಇದ್ದಿದ್ದರೂ ಬೇಡ ಅನ್ನುತ್ತಿದ್ದೆ, ನಾನೇನು ಊಟದ ಮೇಜೇ?

“ಸ್ನಾನಕ್ಕೆ ನಿಮ್ಮ ಜೊತೆ ಯಾರು ಬರ್ತಾರೆ, ಐಲಿ ಅವರೇ?” ಎಂದು ಕೇಳಿದಳು.

“ಯಾರೂ ಇಲ್ಲ” ಎಂದೆ.

ಹೆಲ್ಮಿ ಬಾಗಿಲಲ್ಲೇ ನಿಂತಿದ್ದಳು. ಒಲೆಯ ಕಲ್ಲುಗಳನ್ನು ನೋಡುತ್ತಿದ್ದಳು.

ಮಾರ್ಚ್ 6, ಬುಧವಾರ

ಹೆತ್ತ ತಾಯಿಯ ಹೊಟ್ಟೆಯಲ್ಲಿ ನನ್ನ ನಂತರ ಯಾಕಾದರೂ ಹುಟ್ಟಿದಳೋ. ನೋವು ಹತ್ತು.

ಮಾರ್ಚ್ 8, ಶುಕ್ರವಾರ

ಸೋಮವಾರ ನನ್ನ ಬಗ್ಗೆ ಸಭೆಯಂತೆ. ಮಾರಿವಿಕ್, ಕಡತ ಹಿಡಿದ ಹೆಂಗಸು, ನಾನು, ತುರ್ತಿನ ಹೆಸರಿನವಳು. ವಿಮೆಯವರು ಹದಿನೈದನೇ ತಾರೀಖಿನ ಮೇಲೆ ನನ್ನನ್ನು ಈಚೆ ಇಟ್ಟುಕೊಳ್ಳಲು ಒಪ್ಪುವುದಿಲ್ಲ. ಮನೆಗೆ ಹೋಗಬೇಕು, ಇಲ್ಲವೇ ಮೀನಿನ ತೊಟ್ಟಿ ದಾಟಬೇಕು.

ಮಿಲ್ಕಾ ಇವತ್ತು ದಾಟಿದಳು. ಮೂಳೆ ಕೂಡಿಲ್ಲ, ಕೂಡುವುದೂ ಇಲ್ಲವೆಂದು ವೈದ್ಯರು ಹೇಳಿದರಂತೆ. ಅವಳ ಫೋಟೋಗಳನ್ನು ದಾದಿ ಡಬ್ಬಿಗೆ ತುಂಬುವಾಗ, ಒಬ್ಬ ಗಂಡನ ಮುಖ ಕೆಳಗೆ ಮಾಡಿ ಇಡು, ಅವನಿಗೆ ಆಚೆ ಹೆಂಗಸರು ಜಾಸ್ತಿ ಎಂದಳು. ದಾದಿ ನಕ್ಕಳು. ನಾನು ಅವಳ ಕೈಚೀಲ ಹಿಡಿದು ನಿಂತಿದ್ದೆ. ಹವೆ ಸ್ವಲ್ಪ ಬೆಚ್ಚಗಾಗಿದೆ ಎಂದೆ.

“ಹವೆ ಮನೆ ಹಾಳಾಗ” ಎಂದಳು ಮಿಲ್ಕಾ. “ನಾನು ಆಚೆ ಹೋಗ್ತಿರೋದು ಮೂಳೆ ಕೂಡ್ಲಿಲ್ಲ ಅಂತ ಕಣೆ. ನೀನು ಬಾಯಿ ತೆರೀಲಿಲ್ಲ ಅಂತ ಬಂದ್ರೆ ನಿನ್ನ ಈ ವಾಕರ್‌ನಲ್ಲೇ ಹೊಡೀತೀನಿ. ತಿಂಗಳಿಂದ ಗುರುತು ಪರಿಚಯ ಇಲ್ಲದ ಹುಡುಗೀರ ಹತ್ರ ಕುಂಡಿ ಒರೆಸಿಕೊಂಡಿದೀಯ. ಸ್ವಂತ ತಂಗೀನ ಒಂದು ಮಾತು ಕೇಳೋಕೆ ಅದ್ಯಾವ ಮರ್ಯಾದೆ ಅಡ್ಡ ಬಂತು ನಿಂಗೆ?”

ಪರದೆ ಸರಿಸಿಟ್ಟಿದ್ದಾರೆ. ಆಚೆಯ ಮಂಚ ಖಾಲಿ. ಕೋಣೆ ಶಾಂತವಾಗಿದೆ, ಬಂದ ದಿನದಿಂದ ನಾನು ಬೇಡಿದ್ದು ಇದನ್ನೇ. ನಿದ್ದೆ ಬರುತ್ತಿಲ್ಲ.

ಮಾರ್ಚ್ 11, ಸೋಮವಾರ

ಸಭೆ ಇಪ್ಪತ್ತು ನಿಮಿಷ ನಡೆಯಿತು. ನಡಿಗೆ ಸರಿಯಿದೆ, ಮೆಟ್ಟಿಲು ಸರಿಯಿದೆ, ಅಡುಗೆ ಮಾಡಿಕೊಳ್ಳಬಲ್ಲಳು ಎಂದು ಮಾರಿವಿಕ್ ಓದಿದಳು. ಕಡತದ ಹೆಂಗಸು ಕನ್ನಡಕ ಸರಿಮಾಡಿಕೊಂಡು, ವಾರಕ್ಕೆ ಎರಡು ಸಲ ಸ್ನಾನ ಎಂದು ಬರೆದಿದೆ, ಜೊತೆಗೆ ಯಾರು ಎಂದಳು.

ನಾನು ಸಿದ್ಧವಾಗಿಯೇ ಬಂದಿದ್ದೆ. ಪಕ್ಕದ ಮನೆಯವನ ಹೆಂಡತಿ ಬರುತ್ತಾಳೆ ಎನ್ನುವುದು. ಅವನಿಗೆ ಹೆಂಡತಿಯೇ ಇಲ್ಲ, ಆದರೆ ಇವರಿಗೇನು ಗೊತ್ತು. ಹೆಸರು ಕೂಡ ಹುಡುಕಿಟ್ಟಿದ್ದೆ. ಹೆಲ್ಮಿ ಎದುರಿಗೆ ಕೋಟು ಹಾಕಿಕೊಂಡೇ ಕೂತಿದ್ದಳು, ಕೈಚೀಲ ಮಡಿಲಲ್ಲಿ. ಅವಳಿಗೆ ಎಪ್ಪತ್ತೊಂದು. ಕೂದಲು ಎಷ್ಟು ತೆಳುವಾಗಿದೆಯೆಂದು ಆಗಲೇ ನೋಡಿದ್ದು. ಚಿಕ್ಕವಳಿದ್ದಾಗ ಆ ಕೂದಲನ್ನು ಶನಿವಾರ ಶನಿವಾರ ತೊಳೆಯುತ್ತಿದ್ದವಳು ನಾನೇ, ಕಣ್ಣಿಗೆ ಸೋಪು ಹೋಯಿತೆಂದು ಊರು ಕೇಳುವ ಹಾಗೆ ಅರಚುತ್ತಿದ್ದಳು.

“ಹೆಲ್ಮಿ, ಶನಿವಾರ ಬರ್ತೀಯಾ?” ಎಂದೆ.

ಅವಳು ಕೈಚೀಲದ ಗುಂಡಿ ಹಾಕಿದಳು, ತೆಗೆದಳು. “ವಾರಕ್ಕೆ ಎರಡು ಸಲ ಅಂತ ಬರ್ದಿದಾರೆ, ಕಿವಿ ಕೇಳಲ್ವಾ ನಿಂಗೆ? ಬುಧವಾರಾನೂ ಬರ್ತೀನಿ. ಒಲೆ ಮಾತ್ರ ನಾನೇ ಹಚ್ಚೋದು.”

ಒಂಬತ್ತು ವರ್ಷ ಕರೆಂಟಿನ ಗುಂಡಿ ಒತ್ತಿದವಳಿಗೆ ಸೌದೆ ಹಚ್ಚಲು ಬರುತ್ತದೆಯೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ನುಂಗಿದೆ. ಹದಿನೆಂಟು ಅಂಗುಲ ಹತ್ತುವುದಕ್ಕಿಂತ ಕಷ್ಟವಾಯಿತು. ಮಾರಿವಿಕ್ ಬೇಗ ಬೇಗ ಬರೆದುಕೊಂಡಳು, ನಾವು ಮನಸ್ಸು ಬದಲಿಸುತ್ತೇವೆ ಎಂಬ ಹೆದರಿಕೆ ಇರಬೇಕು.

ಮಾರ್ಚ್ 15, ಶುಕ್ರವಾರ

ನೋವು ಎರಡು. ಮೂರು ದಿನದಿಂದ ಮಾರಿವಿಕ್ ಆ ಮಂಚವನ್ನು ಹದಿನೆಂಟು ಅಂಗುಲಕ್ಕೆ ಇಳಿಸಿ ಅಂಚಿನಲ್ಲಿ ಕೂರಿಸಿ ಏಳಿಸಿದ್ದೇ ಏಳಿಸಿದ್ದು. ಹಲಗೆಯನ್ನು ಹತ್ತಬೇಕಾಗಿಲ್ಲವಂತೆ, ಹಿಡಿಕೆ ಹಿಡಿದು ಬೆನ್ನು ಕೊಟ್ಟು ಕೂತರೆ ಸಾಕಂತೆ. ಹಲಗೆ ತೀರಾ ತಗ್ಗು, ಎರಡಂಗುಲದ ದಪ್ಪ ಮೆತ್ತೆ ಹಾಕಿಕೊಳ್ಳಬೇಕಂತೆ. ಮೊದಲೇ ನಿಜ ಹೇಳಿದ್ದರೆ ಹಜಾರಕ್ಕೆ ದರ್ಶನ ತಪ್ಪುತ್ತಿತ್ತು.

ಹೊರಡುವ ಮೊದಲು ಮೀನಿನ ತೊಟ್ಟಿ ದಾಟಿ ಮಿಲ್ಕಾಳ ಕೋಣೆಗೆ ಹೋಗಿ ಬಂದೆ. ಆಚೆಯ ಕಾಫಿ ಈಚೆಯದಕ್ಕಿಂತ ಗಟ್ಟಿ ಎಂದು ಕೇಳಿದ್ದೆ, ಅದಕ್ಕೇ ಹೋದದ್ದು. ಅಷ್ಟೇನೂ ಗಟ್ಟಿ ಇರಲಿಲ್ಲ. ಎರಡು ಗಂಟೆ ಕೂತಿದ್ದೆ. ಅವಳಿಗೆ ಇಲ್ಲಿನ ಊಟ ಸೇರುವುದಿಲ್ಲ, ಮಂಗಳವಾರ ಏಲಕ್ಕಿ ಬ್ರೆಡ್ಡು ಮಾಡಿ ತರುತ್ತೇನೆ ಎಂದಿದ್ದೇನೆ. ಕೆರ್ತುಗೂ ಒಂದು ತುಂಡು.

ಮಾರ್ಚ್ 23, ಶನಿವಾರ

ವೈದ್ಯರು ಗುರುವಾರ ಗಾಯ ನೋಡಿ ಹೂಂ ಅಂದರು. ಇವತ್ತು ಮೊದಲ ಸೌನಾ.

ಹೆಲ್ಮಿ ಮೂರು ಗಂಟೆಗೇ ಬಂದಳು. ಹೊಗೆಕೊಳವೆಯ ಬಾಗಿಲು ತೆರೆಯದೆ ಬೆಂಕಿ ಹಾಕಿ, ಕೋಣೆ ತುಂಬ ಹೊಗೆ ಮಾಡಿ, ಕೆಮ್ಮುತ್ತ ಹೊರಗೆ ಓಡಿಬಂದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಏನೂ ಅನ್ನಲಿಲ್ಲ. ಎರಡನೆಯ ಸಲ ಸರಿಯಾಗಿ ಹತ್ತಿತು. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಮೊಣಕಾಲೂರಿ ಮೇಲಿನ ಹಲಗೆ ಏರಿ, ಮೂಲೆಯ ಜೇಡರ ಬಲೆ ಗುಡಿಸಿ, ಹುಡುಗಿಯ ಹಾಗೆ ಕೆಳಗೆ ಜಿಗಿದಳು.

ನಲವತ್ತು ಹೆಜ್ಜೆ ಅವಳ ತೋಳು ಹಿಡಿದು ಹೋದೆ. ಬಟ್ಟೆ ಬಿಚ್ಚುವಾಗ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು, ಆಮೇಲೆ ನೋಡಿದೆವು. ನನ್ನ ಸೊಂಟದ ಗಾಯದ ಗೆರೆಯನ್ನು ಅವಳು ಬೆರಳಿನಿಂದ ಒಮ್ಮೆ ಮುಟ್ಟಿದಳು, ಅಷ್ಟೆ. ಹೊಸದಾಗಿ ಹೊಡೆಸಿದ ಹಿಡಿಕೆ ಹಿಡಿದು ಕೆಳಗಿನ ಹಲಗೆಯ ಮೆತ್ತೆಯ ಮೇಲೆ ಕೂತೆ. ನಮ್ಮಲ್ಲಿ ಕೆಳಗಿನ ಹಲಗೆ ಮಕ್ಕಳಿಗೆ, ಕಾಯಿಲೆಯವರಿಗೆ. ಶಕ್ತಿ ಇರುವವರು ಮೇಲೆ ಕೂರುತ್ತಾರೆ, ಬಿಸಿಯೆಲ್ಲ ಇರುವುದು ಅಲ್ಲೇ.

ಹೆಲ್ಮಿ ಕಲ್ಲಿನ ಮೇಲೆ ಒಂದು ಸೌಟು ನೀರು ಸುರಿದಳು. ಹಬೆ ಮೈಗೆ ಬಂತು. ಏಳು ವಾರದ ನಂತರ. ನಾನು ಅತ್ತುಬಿಟ್ಟೆ. ಬೆವರಿನ ಜೊತೆ ಅದೂ ಹೋಯಿತು, ಅವಳಿಗೆ ಕಂಡಿತೋ ಇಲ್ಲವೋ.

“ಮೇಲೆ ಹೋಗಿ ಕೂತ್ಕೋ. ಕೆಳಗೆ ನಿಂಗೆ ಬಿಸಿ ಸಾಲಲ್ಲ” ಎಂದೆ.

“ನಂಗೂ ಮಂಡಿ ನೋವು ಕಣೆ. ಅಷ್ಟೆತ್ತರ ಹತ್ತೋಕಾಗಲ್ಲ” ಎಂದು ನನ್ನ ಪಕ್ಕದಲ್ಲೇ ಕೂತಳು.

ಈ ಜಿಲ್ಲೆಯಲ್ಲಿ ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ, ಬೇರೆಯವರದ್ದನ್ನು ಹಿಡಿಯುವುದು ನನಗೆ ಎಷ್ಟರ ಕೆಲಸ. ಸ್ವಲ್ಪ ಸರಿದು ಅವಳಿಗೆ ಜಾಗ ಬಿಟ್ಟೆ.